ಕುರುಗೋಡು ಸ್ಟಾಪಿನ ಎರಡು ನಿಮಿಷ

ಜುಲೈ 5, ಶನಿವಾರ. ಸಂಜೆ

ಕರೆಂಟ್ ಎರಡು ಸಲ ಹೋಗಿ ಬಂತು. ಜೆರಾಕ್ಸ್ ಮಷಿನ್‌ನಲ್ಲಿ ಪೇಪರ್ ಸಿಕ್ಕಿಕೊಂಡಿತು. ಪಹಣಿಗೆ ನಾಲ್ಕು ಜನ, ಜಾತಿ-ಆದಾಯ ಅರ್ಜಿಗೆ ಆರು ಜನ. ಎಲ್ಲರಿಗೂ ಅರ್ಜೆಂಟು. ಆಧಾರ್‌ಗೆ ಯಾವ ಮೊಬೈಲ್ ನಂಬರ್ ಕೊಟ್ಟಿದ್ದೀವಿ ಅನ್ನೋದು ಮಾತ್ರ ಒಬ್ಬರಿಗೂ ನೆನಪಿಲ್ಲ.

ಮೂರೂ ಇಪ್ಪತ್ತಕ್ಕೆ ಸ್ಪೀಕರ್ ನಿಂತಿತು. ಕಂಪ್ಯೂಟರ್‌ನಲ್ಲಿ ಹಾಡು ಓಡುತ್ತಿದೆ, ಸದ್ದಿಲ್ಲ. ಜೂನ್‌ನಲ್ಲೂ ಎರಡು ಸಲ ಹೀಗೇ ಆಗಿತ್ತು. ಆಗ ವೈರ್ ಬದಲಿಸಿದೆ. ಆಮೇಲೆ ಸ್ಪೀಕರನ್ನೇ ಬದಲಿಸಿದೆ, ಜಾಣ. ಈ ಸಲ ಸಿಟ್ಟಿಗೆ ಸ್ಕ್ರೀನ್ ಮೂಲೆಯ ಸ್ಪೀಕರ್ ಚಿತ್ರ ಒತ್ತಿದೆ. ಸದ್ದು ಎಲ್ಲಿಗೆ ಹೋಗುತ್ತಿದೆ ಅಂತ ಅಲ್ಲಿ ತೋರಿಸುತ್ತೆ. ತೋರಿಸಿತು —

ಇದು ರಶ್ಮೀದು, ಅಪ್ಪಂದಲ್ಲ. ಕನೆಕ್ಟೆಡ್.

ಮಗಳ ಬ್ಲೂಟೂತ್ ಹೆಡ್‌ಫೋನ್. ನಾನು ಪದೇ ಪದೇ ಎತ್ತಿಕೊಂಡು ಹಾಕಿಕೊಳ್ಳುತ್ತೇನೆ ಅಂತ ಅವಳೇ ಈ ಕಂಪ್ಯೂಟರ್‌ನಲ್ಲಿ ಅದಕ್ಕೆ ಇಟ್ಟ ಹೆಸರು. ಅವಳು ಮನೆ ಬಿಟ್ಟು ಇವತ್ತಿಗೆ ನಲವತ್ತೆಂಟು ದಿನ.

ತಲೆ ಎತ್ತಿದೆ. ಅಂಗಡಿ ಮುಂದಿನ ಸ್ಟಾಪಿನಲ್ಲಿ ಬಳ್ಳಾರಿ–ಸಿರುಗುಪ್ಪ ಬಸ್ಸು. ಕುರ್ಚಿ ತಳ್ಳಿ ಹೊರಗೆ ಬರುವಷ್ಟರಲ್ಲಿ ಹೊರಟುಬಿಟ್ಟಿತ್ತು. ನನ್ನ ಹಿಂದೆ, ಅಂಗಡಿಯೊಳಗೆ, ಹಾಡು ಜೋರಾಗಿ ಶುರುವಾಯಿತು.

ಕೌಂಟರ್ ಹತ್ತಿರ ನಿಂತಿದ್ದ ಅಜ್ಜಿ ಕೇಳಿದಳು: "ಹಾಡು ಬಂತಲ್ಲಪ್ಪಾ, ಯಾಕ ಅಳಾಕತ್ತಿ?"

"ಜೆರಾಕ್ಸ್ ಪುಡಿ ಬಿತ್ತಬೇ ಕಣ್ಣಾಗ" ಅಂದೆ.

ಜುಲೈ 6, ಭಾನುವಾರ

ಅಂಗಡಿ ರಜೆ. ಬೀಜದ ಕಂಪನಿಯವರು ಕೊಟ್ಟ ಡೈರಿ ಇದು. ಜನವರಿಯಿಂದ ಬರೀ ರೀಮ್ ಪೇಪರ್ ಎಷ್ಟು ಬಂತು ಅಂತ ಬರೆದಿದ್ದೇನೆ. ಇದನ್ನು ಯಾರೂ ಓದೋದಿಲ್ಲ. ಹಾಗಾಗಿ ಸುಳ್ಳು ಬರೆಯುವ ಅಗತ್ಯವೂ ಇಲ್ಲ.

ಅಕ್ಕ ಊರಮ್ಮ, ಕೊಳಗಲ್ಲಿನಲ್ಲಿದ್ದಾಳೆ. ಅವ್ವ ಸತ್ತಾಗ ನನಗೆ ಆರು ವರ್ಷ, ಅವಳಿಗೆ ಹದಿನಾರು. ನನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು. ಅವಳ ಮಗ ಶೇಖರ್ ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್. ಒಳ್ಳೆ ಹುಡುಗ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಲ್ಲ ಅನ್ನೋದು ಸುಲಭವಿತ್ತು.

ರಶ್ಮಿ ತೊಟ್ಟಿಲಲ್ಲಿದ್ದಾಗಲೇ ಅಕ್ಕ "ಇದು ನನ್ನ ಸೊಸಿ" ಅಂದಿದ್ದಳು. ಎಲ್ಲ ಮನೆಯಲ್ಲೂ ಅನ್ನುವ ಹಾಗೆ. ನಗುತ್ತಿದ್ದೆವು. ಈ ಏಪ್ರಿಲ್‌ನಲ್ಲಿ ಅವಳು ನಗದೆ ಕೇಳಿದಳು. ನಾನು "ಆಗ್ಲಿ ಅಕ್ಕಾ" ಅಂದೆ. ಹೆಂಡತಿ ಜಯಶ್ರೀಗೆ ಹೇಳಲಿಲ್ಲ. ದನದ ಡಾಕ್ಟರ್ ಆಗ್ತೀನಿ ಅಂತ ಗೋಡೆಗೆ ಎಮ್ಮೆಯ ಎಲುಬಿನ ಚಿತ್ರ ಅಂಟಿಸಿಕೊಂಡ ಮಗಳಿಗಂತೂ ಹೇಳಲೇ ಇಲ್ಲ.

ಮೇ 17. ಅಕ್ಕನಿಂದ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂತು. ಕಂಪ್ಯೂಟರ್‌ನಲ್ಲೇ ತೆರೆದು ಒತ್ತಿದೆ. ಸದ್ದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿ ಮತ್ತೆ ಒತ್ತಿದೆ. ಇಲ್ಲ. ಮೂರನೇ ಸಲ ಒತ್ತಿದೆ... ಬ್ಲೂಟೂತ್ ಸ್ವಿಚ್ ಆನ್ ಇತ್ತು. ಗೋಡೆಯ ಆಚೆ ನಮ್ಮ ಮನೆ. ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಓದುತ್ತಿದ್ದ ರಶ್ಮಿಯ ಕಿವಿಗೆ ಅಕ್ಕನ ಮಾತು ಹೋಗುತ್ತಿತ್ತು. ಮೂರು ಸಲ. ಜೋರಾಗಿ.

"ತಮ್ಮಾ, ನೀ ಹೂಂ ಅಂದಿದ್ದಕ್ಕ ಹೊಟ್ಟಿ ತಣ್ಣಗಾತು. ಪಿಯುಸಿ ಮುಗೀಲಿ, ಮದಿವಿ ಮಾಡಿಬಿಡೋಣು. ಹುಡುಗಿಗೆ ಈಗ ಹೇಳೋದು ಬ್ಯಾಡ, ನೀ ಅಂದಂಗ."

ನೀ ಅಂದಂಗ. ಉಳಿದದ್ದಕ್ಕೆಲ್ಲ ಏನಾದರೂ ನೆವ ಹೇಳಬಹುದಿತ್ತು.

ಬಾಗಿಲಲ್ಲಿ ಬಂದು ನಿಂತಳು. ಹೆಡ್‌ಫೋನ್ ಕೊರಳಲ್ಲಿ. "ಅತ್ತಿ ಹೇಳಿದ್ದು ಖರೇನಾ?" ಅಂದಳು. ನಾನು "ಯಾವ ಅತ್ತಿ?" ಅಂದೆ! ನನಗೆ ಇರುವುದು ಒಬ್ಬಳೇ ಅಕ್ಕ.

ಮರುದಿನ ತಾಯಿ ಮಗಳು ಸಿರುಗುಪ್ಪಕ್ಕೆ, ಜಯಶ್ರೀಯ ತವರಿಗೆ. ಜೂನ್‌ನಲ್ಲಿ ಒಮ್ಮೆ ಹೋಗಿದ್ದೆ. ರಶ್ಮಿ ಕೋಣೆಯ ಬಾಗಿಲು ತೆಗೆಯಲಿಲ್ಲ. ಜಯಶ್ರೀ ಕಟ್ಟೆಯ ಮೇಲೆ ಚಹಾ ಕೊಟ್ಟು, "ಆಕಿ ತಾನಾಗಿ ಬರೋತನಕ ನೀವು ಬರಬ್ಯಾಡ್ರಿ" ಅಂದಳು. ರಶ್ಮಿ ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ. ಈಗ ಅವಳು ಬಳ್ಳಾರಿಯಲ್ಲಿ ಕಾಲೇಜ್ ಹಾಸ್ಟೆಲ್. ಶನಿವಾರ ತಾಯಿ ಹತ್ತಿರ ಹೋಗುತ್ತಾಳೆ. ನನ್ನ ಅಂಗಡಿಯ ಮುಂದೆಯೇ ಹೋಗುತ್ತಾಳೆ ಅಂತ ನಿನ್ನೆ ಗೊತ್ತಾಯಿತು.

ಜುಲೈ 12, ಶನಿವಾರ

ಮೂರು ಗಂಟೆಯಿಂದ ಯಾವ ಕೆಲಸವೂ ಮಾಡಲಿಲ್ಲ. ಮಾಡಿದ ಹಾಗೆ ನಟಿಸಿದೆ. ನನ್ನ ಹಳೇ ತೆಲುಗು ಹಾಡುಗಳನ್ನು ಹಾಕಿ ಕೂತೆ.

3.22. ಸ್ಪೀಕರ್ ಸುಮ್ಮನಾಯಿತು. ಕನೆಕ್ಟೆಡ್.

ಏಳಲಿಲ್ಲ. ಎದ್ದರೆ ಕಾಣೋದು ಬಸ್ಸು, ಕೂತರೆ ಕಾಣೋದು ಅವಳ ಹೆಸರು. ಸ್ಕ್ರೀನ್ ನೋಡುತ್ತಾ ಕೂತೆ. ಕನೆಕ್ಟ್ ಆಗಿದೆ ಅಂದರೆ ಹತ್ತು ಮೀಟರ್ ಒಳಗಿದ್ದಾಳೆ. ಉಸಿರಾಡುತ್ತಿದ್ದಾಳೆ. ಊಟ ಮಾಡಿದ್ದಾಳೋ ಇಲ್ಲವೋ, ಬ್ಲೂಟೂತ್ ಅದನ್ನು ಹೇಳುವುದಿಲ್ಲ.

3.24. ಹಾಡು ವಾಪಸ್ ಬಂತು. ನನಗೆ ಇಷ್ಟವಾದ ಹಾಡೇ. ಕೇಳಲಾಗಲಿಲ್ಲ, ನಿಲ್ಲಿಸಿದೆ.

ಜುಲೈ 19, ಶನಿವಾರ

ಇವತ್ತು ಬಾಗಿಲ ಮರೆಯಲ್ಲಿ ನಿಂತೆ, ಕಳ್ಳನ ಹಾಗೆ, ನನ್ನದೇ ಅಂಗಡಿಯಲ್ಲಿ. ಮೂರನೇ ಕಿಟಕಿ. ಒಂದೇ ಜಡೆ. ಕಪ್ಪು ಹೆಡ್‌ಫೋನ್. ಸಣ್ಣಗಾಗಿದ್ದಾಳೆ.

ಒಳಗೆ ಸ್ಪೀಕರ್ ನಿಂತ ಕೂಡಲೇ ಅವಳು ಹೆಡ್‌ಫೋನ್ ತೆಗೆದು, ತಿರುಗಿಸಿ ನೋಡಿ, ಮತ್ತೆ ಹಾಕಿಕೊಂಡಳು. ನನ್ನ ಅಂಗಡಿ ಕಡೆ ತಿರುಗಲಿಲ್ಲ.

ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ. ಆ ಹೆಡ್‌ಫೋನ್ ಒಂದೇ ಸಲ ಎರಡು ಕಡೆ ಕನೆಕ್ಟ್ ಆಗುವಂಥದ್ದು. ಅವಳು ಮೊಬೈಲ್‌ನಲ್ಲಿ ಏನೋ ಕೇಳುತ್ತಿರುತ್ತಾಳೆ. ನನ್ನ ಕಂಪ್ಯೂಟರ್ ನಡುವೆ ನುಗ್ಗಿ ಅದನ್ನು ನಿಲ್ಲಿಸಿ, ಕಿವಿಗೆ ನನ್ನ ಹಾಡು ತುರುಕುತ್ತದೆ. ನಾನು ಮಗಳು ಬಂದಳು ಅಂತ ಹಿಗ್ಗುವ ಎರಡು ನಿಮಿಷ ಅವಳಿಗೆ ಕಿರಿಕಿರಿ. ಹೆಡ್‌ಫೋನ್ ಕೆಟ್ಟಿದೆ ಅಂತಲೇ ತಿಳಿದಿರಬೇಕು.

ಜುಲೈ 23, ಬುಧವಾರ

ಒಂದು ಆಸೆ. ಶನಿವಾರ ಕನೆಕ್ಟ್ ಆದಾಗ ಹಾಡಿನ ಬದಲು ನನ್ನ ಮಾತನ್ನೇ ಹಾಕಿದರೆ? ಮೈಕ್ ಮುಂದೆ ಕೂತು ರೆಕಾರ್ಡ್ ಮಾಡಿದೆ. ಹನ್ನೆರಡು ನಿಮಿಷ. ವಾಪಸ್ ಕೇಳಿದೆ. ಅವ್ವ ಸತ್ತದ್ದು ಬಂತು, ಅಕ್ಕ ಸಾಕಿದ್ದು ಬಂತು, ನಾಲ್ಕು ಜನ ಏನಂತಾರೆ ಅನ್ನೋದೂ ಬಂತು. ತಪ್ಪಾಯ್ತು ಅನ್ನೋ ಮಾತು ಒಂದು ಸಲವೂ ಇಲ್ಲ.

ಡಿಲೀಟ್.

ಜುಲೈ 26, ಶನಿವಾರ. 3 ಗಂಟೆ

ಸೆಟ್ಟಿಂಗ್ಸ್ ತೆರೆದು ಕೂತಿದ್ದೇನೆ. ಬ್ಲೂಟೂತ್ ಪುಟದಲ್ಲಿ ಒಂದು ಸ್ವಿಚ್. ನೀಲಿ ಇದ್ದರೆ ಆನ್, ಬೂದು ಇದ್ದರೆ ಆಫ್. ಕೆಳಗೆ ಅವಳ ಹೆಸರು. ಅದರ ಪಕ್ಕ 'ರಿಮೂವ್ ಡಿವೈಸ್'. ಅದರ ಹತ್ತಿರಕ್ಕೆ ಮೌಸ್ ಒಯ್ಯೋದಕ್ಕೂ ಹೆದರಿಕೆ. ಒತ್ತಿದರೆ ಈ ಕಂಪ್ಯೂಟರ್ ಅವಳನ್ನು ಮರೆತುಬಿಡುತ್ತದೆ.

ಅವಳನ್ನು ಕೇಳದೆ ಅವಳ ಕಿವಿಗೆ ಹಾಕಿದ್ದು ಒಂದು ಸಲ ಸಾಕು. ಹೋಗಲಿ, ನೆಮ್ಮದಿಯಾಗಿ ತನ್ನ ಹಾಡು ಕೇಳಿಕೊಂಡು ಹೋಗಲಿ.

ಬೂದು ಮಾಡಿದೆ.

3.21ಕ್ಕೆ ಬಸ್ ಬಂತು, ಹೋಯಿತು. ಸ್ಪೀಕರ್ ಒಂದು ಕ್ಷಣವೂ ನಿಲ್ಲಲಿಲ್ಲ. ಹಾಡು ಇಷ್ಟು ಬೇಸರ ಅಂತ ಗೊತ್ತಿರಲಿಲ್ಲ.

ಜುಲೈ 29, ಮಂಗಳವಾರ. ಪಂಚಮಿ

ಅಕ್ಕ ಬಂದಿದ್ದಳು. ಯಾವ ವರ್ಷವೂ ತಪ್ಪಿಸಿಲ್ಲ. ಅವಳಿಗೆ ತವರು ಅಂದರೆ ನಾನೊಬ್ಬನೇ. ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಸ್ಟೀಲ್ ಡಬ್ಬಿ ತಂದಿದ್ದಳು. ನಾಗಪ್ಪನಿಗೆ ಹಾಲೆರೆದು ಬಂದು ಕೂತೆವು. ಮನೆಯಲ್ಲಿ ಇಬ್ಬರೇ. ಮಗಳು ಯಾಕೆ ಬರಲಿಲ್ಲ ಅಂತ ಅವಳು ಕೇಳುವ ಮೊದಲೇ ಹೇಳಿಬಿಟ್ಟೆ.

"ಅಕ್ಕಾ, ಆ ಮಾತು ವಾಪಸ್ ತಗೊಂಡೀನಿ."

"ಯಾವ ಮಾತು?"

"ರಶ್ಮೀನ ಕೊಡ್ತೀನಿ ಅಂದ ಮಾತು. ಆಕಿನ್ನ ಕೇಳ್ದ ಕೊಟ್ಟಿದ್ದೆ. ಆ ಮಾತು ಕೊಡಾಕ ನಾ ಯಾರು?"

ಉಂಡಿ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ: "ಹಬ್ಬದ ದಿನಾನ ಹೇಳಬೇಕಿತ್ತೇನ್ಲೇ ಇದನ್ನ?"

"ಬ್ಯಾರೆ ದಿನ ಧೈರ್ಯ ಬರ್ತಿರಲಿಲ್ಲ."

"ನಿನ್ನ ಸೊಂಟದ ಮ್ಯಾಲ ಹೊತ್ಕೊಂಡು ತಿರುಗೀನಿ ನಾನು."

"ಹೊತ್ತೀದಿ. ಅದಕ್ಕ ಹೂಂ ಅಂದಿದ್ದೆ. ಆ ಋಣ ನಂದು ಅಕ್ಕಾ, ಆಕೀದಲ್ಲ."

ಊಟ ಮಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಬಸ್ ಹತ್ತಿಸಲು ಹೋದೆ. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಅಂದಳು: "ಡಬ್ಬಿ ವಾಪಸ್ ಕಳಿಸು. ಖಾಲಿ ಕಳಿಸಬ್ಯಾಡ."

ಖಾಲಿ ಡಬ್ಬಿ ವಾಪಸ್ ಕೊಡಬಾರದು ಅನ್ನೋದು ನಮ್ಮಲ್ಲಿ ಪದ್ಧತಿ. ಅದನ್ನು ನೆನಪಿಸಿದಳು ಅಂದರೆ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಅವಳ ಹಿಂದೆಯೇ ಓಡಿ ಬಸ್ ಹತ್ತಬೇಕು ಅನ್ನಿಸಿತು, ಆರು ವರ್ಷದವನ ಹಾಗೆ.

ಆಗಸ್ಟ್ 2, ಶನಿವಾರ

ಸ್ವಿಚ್ ಬೂದು. ಬಸ್ ಬಂತು. ತಲೆ ಎತ್ತಲಿಲ್ಲ. ಒಬ್ಬ ರೈತನ ಬೆಳೆ ವಿಮೆ ಅರ್ಜಿಯಲ್ಲಿ ಅವನ ಹೆಸರಿನ ಜಾಗದಲ್ಲಿ ರಶ್ಮಿ ಅಂತ ಟೈಪ್ ಮಾಡಿದ್ದೆ.

ಆಗಸ್ಟ್ 10, ಭಾನುವಾರ

ಜಯಶ್ರೀ ಫೋನ್ ಮಾಡಿದಳು. ಅವಳಾಗಿ ಮಾಡಿದ್ದು ಮೇ ನಂತರ ಇದೇ ಮೊದಲು.

"ಆರಾಮ ಅದೀರೇನ್ರಿ?"

"ಅದೀನಿ."

"ಅಂಗಡಿ ತೆಗೀತೀರೇನು?"

"ದಿನಾ ತೆಗೀತೀನಿ. ಯಾಕ?"

"ಏನಿಲ್ಲ... ಮೂರು ಶನಿವಾರ ಆತಂತ, ನಿಮ್ಮ ತೆಲುಗು ಹಾಡು ಬರ್ಲಿಲ್ಲಂತ. ಅಪ್ಪಗ ಹುಷಾರಿಲ್ಲೇನೋ ಕೇಳವ್ವಾ ಅಂದ್ಳು. ನಾ ಕೇಳಂದೀನಿ ಅಂತ ಹೇಳಬ್ಯಾಡ ಅಂತಾನೂ ಅಂದ್ಳು."

"ಆಕಿಗೆ ಗೊತ್ತೈತಾ? ನಂದಂತ?"

"ಆ ಹಾಡು ಈ ಜಿಲ್ಲಾದಾಗ ನಿಮ್ಮನ್ನ ಬಿಟ್ರ ಯಾರು ಕೇಳ್ತಾರ್ರಿ?"

ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು. ಆಮೇಲೆ ಅವಳೇ ಹೇಳಿದಳು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸೀದಾ ಬಸ್ ಬೇಕಾದಷ್ಟಿವೆ. ಈಕಿ ಅವನ್ನೆಲ್ಲ ಬಿಟ್ಟು, ಕುರುಗೋಡು ಸುತ್ತಿಕೊಂಡು ಹೋಗುವ ಬಸ್‌ಗೆ ಕಾಯುತ್ತಾಳಂತೆ. ಯಾಕೆ ಅಂತ ಕೇಳಿದರೆ ಅದರಲ್ಲಿ ಸೀಟು ಸಿಗ್ತಾವು ಅಂತಾಳಂತೆ.

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಹದಿನೆಂಟು ವರ್ಷ ಈ ಸ್ಟಾಪಿನ ಮುಂದೆ ಕೂತವನು, ಬಸ್ ರೂಟ್ ಊರಿಗೆಲ್ಲ ಹೇಳುವವನು.

ಅಕ್ಕನಿಗೆ ಇಲ್ಲ ಅಂದದ್ದನ್ನು ಹೇಳಿದೆ.

"ನೀನ ಆಕಿಗೆ ಒಂದು ಮಾತು ಹೇಳು" ಅಂದೆ.

"ನಾ ಹೇಳಂಗಿಲ್ಲ. ಗಂಟು ಹಾಕಿದವ್ರ ಬಿಚ್ಚಬೇಕು. ಆಕಿ ಕಿವಿ ಕೊಟ್ಟು ಕುಂತಾಳ, ನೀವು ಹಾಡು ಹಾಕ್ಕೊಂಡು ಕುಂತೀರಿ. ಈಗ ಅದೂ ಇಲ್ಲ."

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಆರಕ್ಕೇ ಶಟರ್ ಎತ್ತಿದೆ. ಬ್ಲೂಟೂತ್ ಆನ್ ಮಾಡಬೇಕು. ಸೆಟ್ಟಿಂಗ್ಸ್ ತೆರೆದೆ.

ಸ್ವಿಚ್ಚೇ ಇಲ್ಲ.

ಬೂದೂ ಇಲ್ಲ, ನೀಲಿಯೂ ಇಲ್ಲ. ಆ ಜಾಗವೇ ಖಾಲಿ. ಮೊನ್ನೆ ಏನೋ ಅಪ್‌ಡೇಟ್ ಆಗಿತ್ತು, ಅದರ ಕೆಲಸವಿರಬೇಕು. ಏರ್‌ಪ್ಲೇನ್ ಮೋಡ್ ಸ್ವಿಚ್ ಒಂದು ಉಳಿದಿದೆ. ವಿಮಾನದ ಮುಖ ನೋಡದವನಿಗೆ ಏರ್‌ಪ್ಲೇನ್ ಮೋಡ್. ಅದನ್ನೇ ಹಾಕಿದೆ, ತೆಗೆದೆ. ಹತ್ತು ಸಲ. ರೀಸ್ಟಾರ್ಟ್ ನಾಲ್ಕು ಸಲ. ಇಲ್ಲ.

ನಾನೇ ಆರಿಸಿದ್ದು. ಯಾರ ಮೇಲೆ ಸಿಟ್ಟಾಗಲಿ.

ಆಗಸ್ಟ್ 13, ಬುಧವಾರ

ಅಂಗಡಿ ಮುಚ್ಚಿ, ಡಬ್ಬದಂಥ ಸಿಪಿಯು ತೊಡೆ ಮೇಲೆ ಇಟ್ಟುಕೊಂಡು ಬಳ್ಳಾರಿಗೆ ಹೋದೆ. ಬ್ರೂಸ್‌ಪೇಟೆಯ ಗಲ್ಲಿಯಲ್ಲಿ ಮಾರೇಶನ ರಿಪೇರಿ ಅಂಗಡಿ. ನೋಡಿದ.

"ಹೊಸಾ ಬ್ಲೂಟೂತ್ ಡಾಂಗಲ್ ಚುಚ್ಚಿಬಿಡ್ತೀನಿ ಅಣ್ಣಾ, ಎರಡು ನಿಮಿಷದ ಕೆಲಸ."

"ಹಳೇ ಹೆಡ್‌ಫೋನ್ ತಾನಾಗೇ ಕನೆಕ್ಟ್ ಆಗ್ತೈತಾ?"

"ಹೆಂಗಾಗ್ತೈತಿ? ಹೊಸಾದಕ್ಕ ಅದರ ಗುರ್ತಾನ ಇರಂಗಿಲ್ಲ. ಹೆಡ್‌ಫೋನ್ ಎದುರಿಗಿಟ್ಕೊಂಡು ಮತ್ತ ಪೇರ್ ಮಾಡಬೇಕು."

"ಅದು ನನ್ನ ಹತ್ರ ಇಲ್ಲಪಾ."

"ಮತ್ತ್ಯಾರ ಹತ್ರ ಐತಿ?"

ಹೇಳಿದೆ. ಎಲ್ಲ ಅಲ್ಲ, ಸ್ವಲ್ಪ. ಮಾರೇಶ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹಂಗಾದ್ರ ಹಳೇದನ್ನ ಎಬ್ಬಸ್ಬೇಕು. ಮನಿಗೆ ಹೋಗಿ ಪ್ಲಗ್ ಹಾಕಬ್ಯಾಡ್ರಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ. ನಾಳಿತನಕ ಹಂಗ ಬಿಡ್ರಿ. ಒಳಗ ಉಳಿದ ಕರೆಂಟೆಲ್ಲ ಇಳೀಲಿ. ಒಮ್ಮೊಮ್ಮೆ ಎದ್ದು ಬರ್ತಾವ. ಏನರ ಮಾಡ್ರಿ, ರಿಮೂವ್ ಮಾತ್ರ ಒತ್ತಬ್ಯಾಡ್ರಿ."

ಬರುವಾಗ ಬೇಕೆಂದೇ ಅವಳ ಬಸ್ಸಿನಲ್ಲಿ ಬಂದೆ. ಮೂರನೇ ಕಿಟಕಿ. ಅಲ್ಲಿಂದ ನೋಡಿದರೆ ನನ್ನ ಅಂಗಡಿ ಪೂರ್ತಿ ಕಾಣುತ್ತದೆ. ಬಾಗಿಲ ಮರೆ ಕೂಡ.

ಆಗಸ್ಟ್ 14, ಗುರುವಾರ. ಸಂಜೆ

ಇಡೀ ಒಂದು ದಿನ ಪ್ಲಗ್ ಇಲ್ಲದೆ ಬಿಟ್ಟಿದ್ದೆ. ಹಾಕಿದೆ. ಸ್ವಿಚ್ ಇದೆ. ಬೂದು. ಒತ್ತಿದೆ, ನೀಲಿ. ಕೆಳಗೆ —

ಇದು ರಶ್ಮೀದು, ಅಪ್ಪಂದಲ್ಲ. ಪೇರ್ಡ್.

ಸ್ಕ್ರೀನಿಗೆ ಕೈ ಮುಗಿದೆ. ಯಾರೂ ನೋಡಲಿಲ್ಲ.

ಆಗಸ್ಟ್ 16, ಶನಿವಾರ

3.20. ಬಸ್ ಬಂತು. ಹಾಡು ನಿಲ್ಲಲಿಲ್ಲ. ಬಸ್ ಹೋಯಿತು. ಹಾಡು ನಿಲ್ಲಲೇ ಇಲ್ಲ.

ನಿನ್ನೆ ಆಗಸ್ಟ್ ಹದಿನೈದು, ರಜೆ ಸೇರಿಸಿಕೊಂಡು ಮೊದಲೇ ಹೋಗಿರಬಹುದು. ಅಥವಾ ಹೆಡ್‌ಫೋನ್ ಬದಲಿಸಿರಬಹುದು. ಅಥವಾ ಅಪ್ಪನ ಅಂಗಡಿ ಸುಮ್ಮನಾಯಿತು ಅಂತ ಸೀದಾ ಬಸ್ ಹತ್ತಿರಬಹುದು. ಮೂರು ಶನಿವಾರ ಅವಳು ಕಿವಿ ಕೊಟ್ಟು ಕೂತಾಗ ನಾನು ಸ್ವಿಚ್ ಆರಿಸಿಟ್ಟಿದ್ದೆ. ಇನ್ನೊಂದು ಸಲ ಬಾ. ಒಂದೇ ಒಂದು ಸಲ.

ಆಗಸ್ಟ್ 20, ಬುಧವಾರ

ಅಕ್ಕನ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ತುಂಬಿ ಕೊಳಗಲ್ಲಿಗೆ ಹೋಗುವವರ ಕೈಲಿ ಕಳಿಸಿದೆ. ನನಗೆ ಬರೋದು ಅದೊಂದೇ. ಸಂಜೆ ಅವಳ ಮೆಸೇಜ್: "ಉಪ್ಪು ಜಾಸ್ತಿ ಆಗೈತಿ." ಸಾಕು.

ರೆಕಾರ್ಡ್ ಮಾಡಿದೆ. ಒಂಬತ್ತು ಸೆಕೆಂಡ್.

"ರಶ್ಮೀ, ಅತ್ತಿಗೆ ಇಲ್ಲ ಅಂತ ಹೇಳೀನಿ. ನಿನ್ನ ಕೇಳ್ದ ಹೂಂ ಅಂದಿದ್ದು ನನ್ನ ತಪ್ಪು. ನೀ ಓದವ್ವಾ."

ಆಗಸ್ಟ್ 23, ಶನಿವಾರ. 3.05

ಡೈರಿ ಕೌಂಟರ್ ಮೇಲೆ ಇಟ್ಟುಕೊಂಡಿದ್ದೇನೆ. ಜೆರಾಕ್ಸ್‌ಗೆ ಬಂದವರಿಗೆ ಮಷಿನ್ ಕೆಟ್ಟಿದೆ ಅಂದೆ. ಹಳೇ ತೆಲುಗು ಹಾಡು ಹಚ್ಚಿದ್ದೇನೆ. ಸ್ವಿಚ್ ನೀಲಿ. ಎಂಟು ಸಲ ನೋಡಿದೆ.

3.19

ಬಸ್ಸಿನ ಹಾರನ್. ಹಾಡು ಇನ್ನೂ ಬರುತ್ತಿದೆ.

3.20

ನಿಂತಿತು! ಕನೆಕ್ಟೆಡ್.

ಹಾಡು ನಿಲ್ಲಿಸಿ ನನ್ನ ಒಂಬತ್ತು ಸೆಕೆಂಡ್ ಒತ್ತಿದೆ. ಒಂದೇ ಸಲ. ಇಲ್ಲಿ ಏನೂ ಕೇಳಿಸಲಿಲ್ಲ. ಮೇ ತಿಂಗಳಲ್ಲೂ ಹೀಗೇ ಏನೂ ಕೇಳಿಸಿರಲಿಲ್ಲ. ವಾಲ್ಯೂಮ್ ಮುಟ್ಟಲಿಲ್ಲ. ಮತ್ತೆ ಒತ್ತಲಿಲ್ಲ. ಅಕ್ಷರ ಸೊಟ್ಟ ಬರುತ್ತಿವೆ.

3.22

ಕಂಡಕ್ಟರ್ ಸೀಟಿ. ಬಸ್ ಹೊರಟಿತು. ಆಯ್ತು. ಕೇಳಿದ್ದರೆ ಕೇಳಿದಳು. ಇನ್ನು ಹಾಡು ಸ್ಪೀಕರ್‌ಗೆ ವಾಪಸ್ ಬರುತ್ತದೆ, ಹಚ್ಚಬೇಕು.

3.23

ಹಚ್ಚಿದೆ. ಸದ್ದು ಬರಲಿಲ್ಲ.

ಬಸ್ ತಿರುವು ದಾಟಿತು, ಧೂಳೂ ಇಳಿಯಿತು. ಸ್ಕ್ರೀನ್ ನೋಡಿದೆ. ಇನ್ನೂ ಕನೆಕ್ಟೆಡ್ ಅಂತಲೇ ಇದೆ. ಸ್ಪೀಕರ್ ಸುಮ್ಮನೇ ಇದೆ. ಕೌಂಟರ್ ಮೇಲೆ ಒಂದೇ ಜಡೆಯ ನೆರಳು ಬಿದ್ದಿದೆ, ತಲೆ ಎತ್ತಲು ನನಗೆ —